ಕ್ಯಾಟಲಾಗ್‌ನಲ್ಲಿ ನೂರಾರು ಪುಸ್ತಕಗಳ ಪಟ್ಟಿ ಬಂದರೆ ಬೇಕಾದ್ದನ್ನು ಸೋಸಿಕೊಳ್ಳುವುದು ಹೇಗೆ?

ಪ್ರಶ್ನೆ: ಕರ್ನಾಟಕದ ಕೆರೆ ನೀರಾವರಿಯ ಬಗ್ಗೆ ಸಂಶೋಧನಾ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ವಿಶ್ವವಿದ್ಯಾಲಯದ ಗ್ರಂಥಾಲಯದ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಹುಡುಕಿದರೆ ನೂರಾರು ಪುಸ್ತಕಗಳ ಪಟ್ಟಿ ಬರುತ್ತದೆ. ಪಕ್ಕದಲ್ಲಿರುವ ಫಿಲ್ಟರ್‌ಗಳನ್ನು ಒಂದೊಂದಾಗಿ ಒತ್ತುತ್ತಾ ಹೋದರೆ ಕೊನೆಗೆ ಏನೂ ಉಳಿಯುವುದಿಲ್ಲ. ನನಗೆ ಬೇಕಾದ ಪುಸ್ತಕಗಳಷ್ಟೇ ಉಳಿಯುವಂತೆ ಪಟ್ಟಿಯನ್ನು ಇಳಿಸುವುದು ಹೇಗೆ?

ಉತ್ತರ: ಫಿಲ್ಟರ್‌ಗಳನ್ನು ಬೇಕಾದ್ದಕ್ಕಿಂತ ಬೇಗ ಬಳಸುವುದೇ ಈ ತೊಂದರೆಗೆ ಸಾಮಾನ್ಯವಾದ ಕಾರಣ. ಫಿಲ್ಟರ್ ಈಗಾಗಲೇ ಸಿಕ್ಕಿರುವ ಪಟ್ಟಿಯಿಂದ ಕೆಲವನ್ನು ತೆಗೆದುಹಾಕಬಲ್ಲುದೇ ಹೊರತು, ಪಟ್ಟಿಗೆ ಬಾರದೆ ಉಳಿದ ಪುಸ್ತಕವನ್ನು ತಂದುಕೊಡಲಾರದು. ಮೊದಲ ಹುಡುಕಾಟವೇ ಸಡಿಲವಾಗಿದ್ದರೆ ಅದನ್ನು ಎಷ್ಟು ಸೋಸಿದರೂ ಪ್ರಯೋಜನ ಕಡಿಮೆ. ಆದ್ದರಿಂದ ಫಿಲ್ಟರ್‌ಗಳ ಮಾತಿಗೆ ಹೋಗುವ ಮೊದಲು ಹುಡುಕುವ ಪದವನ್ನೇ ನೋಡೋಣ.

ಮುಖಪುಟದ ಹುಡುಕು ಪೆಟ್ಟಿಗೆಯಲ್ಲಿ ನೀವು ಬರೆದ ಪದವನ್ನು ಕ್ಯಾಟಲಾಗ್ ಶೀರ್ಷಿಕೆ, ಲೇಖಕ, ಪ್ರಕಾಶಕ, ಗ್ರಂಥಮಾಲೆ, ಟಿಪ್ಪಣಿ ಎನ್ನದೆ ದಾಖಲೆಯ ಎಲ್ಲ ಭಾಗಗಳಲ್ಲಿಯೂ ಹುಡುಕುತ್ತದೆ. ಕೆರೆಗೆ ಇಂಗ್ಲಿಷಿನಲ್ಲಿ ಟ್ಯಾಂಕ್ ಎನ್ನುತ್ತಾರೆಂದು ಆ ಪದವನ್ನು ಕೊಟ್ಟರೆ ಯುದ್ಧದ ಟ್ಯಾಂಕುಗಳೂ ಕಾರ್ಖಾನೆಗಳ ತೈಲ ಸಂಗ್ರಹಾಗಾರಗಳೂ ಪಟ್ಟಿಗೆ ಸೇರುತ್ತವೆ. ಇನ್ನೊಂದು ಕಡೆ, ಕರ್ನಾಟಕ ಎಂಬ ಪದವನ್ನು ಕೊಟ್ಟರೆ ಬರಲೇಬೇಕಾದ ಎಷ್ಟೋ ಪುಸ್ತಕಗಳು ತಪ್ಪಿಹೋಗುತ್ತವೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅದಕ್ಕೆ ಮೊದಲು ಅಚ್ಚಾದ ವರದಿಗಳ ಹೆಸರಿನಲ್ಲಿ ಮೈಸೂರು ಎಂದೇ ಇರುತ್ತದೆ. ಹೀಗೆ ಒಂದೇ ಹುಡುಕಾಟದಲ್ಲಿ ಬೇಡದ್ದು ಬರುವುದೂ ಬೇಕಾದದ್ದು ಬಿಟ್ಟುಹೋಗುವುದೂ ಒಟ್ಟಿಗೆ ನಡೆಯುತ್ತದೆ.

ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಉಪಾಯವೆಂದರೆ, ಪಟ್ಟಿಯನ್ನು ಸೋಸುವುದನ್ನು ಬಿಟ್ಟು, ಅದರಲ್ಲಿ ನಿಮ್ಮ ವಿಷಯಕ್ಕೆ ನೇರವಾಗಿ ಹೊಂದುವ ಒಂದೇ ಒಂದು ಪುಸ್ತಕವನ್ನು ಹುಡುಕಿ, ಅದರ ಪೂರ್ಣ ದಾಖಲೆಯನ್ನು ತೆರೆದು ನೋಡುವುದು. ಅಲ್ಲಿ ‘ಸಬ್ಜೆಕ್ಟ್’ ಎಂಬುದರ ಎದುರು ಒಂದೆರಡು ವಿಷಯ ಶೀರ್ಷಿಕೆಗಳಿರುತ್ತವೆ. ನಿಮ್ಮ ವಿಷಯದಲ್ಲಿ ಅದು ಇಂಗ್ಲಿಷಿನಲ್ಲಿ ‘ಇರಿಗೇಶನ್ – ಇಂಡಿಯಾ – ಕರ್ನಾಟಕ’ ಎಂಬ ರೂಪದಲ್ಲಿರುವುದು ಸಾಮಾನ್ಯ. ಇದು ಲೇಖಕರು ಕೊಟ್ಟದ್ದಲ್ಲ. ಲೈಬ್ರರಿ ಆಫ್ ಕಾಂಗ್ರೆಸ್‌ನದ್ದೋ ಸಿಯರ್ಸ್‌ನದ್ದೋ ಒಂದು ಸಿದ್ಧ ಪಟ್ಟಿಯಿಂದ ಗ್ರಂಥಾಲಯದವರು ಆರಿಸಿ ಹಾಕಿದ್ದು. ಪುಸ್ತಕದ ಹೆಸರಿನಲ್ಲಿ ಕೆರೆ, ನಾಲೆ, ಜಲಾಶಯ ಎಂದು ಏನೇ ಇದ್ದರೂ ವಿಷಯ ಒಂದೇ ಆದರೆ ಶೀರ್ಷಿಕೆಯೂ ಒಂದೇ ಆಗಿರಬೇಕೆಂಬುದು ಅದರ ಉದ್ದೇಶ. ಹೆಸರು ಮಾತ್ರ ಬದಲಾದ ಪ್ರದೇಶಕ್ಕೆ ಈಗಿನ ಹೆಸರನ್ನೇ ಕೊಡುವುದು ಸೂಚೀಕರಣದ ರೂಢಿಯಾದ್ದರಿಂದ, ಮೈಸೂರು ಎಂದು ಅಚ್ಚಾದ ಪುಸ್ತಕವೂ ಇದೇ ಶೀರ್ಷಿಕೆಯ ಕೆಳಗೆ ಸಿಗುವ ಸಾಧ್ಯತೆ ಹೆಚ್ಚು. ಆ ಶೀರ್ಷಿಕೆ ಒಂದು ಕೊಂಡಿಯೂ ಆಗಿರುತ್ತದೆ. ಅದನ್ನು ಒತ್ತಿದರೆ ನೂರಾರಿದ್ದ ಪಟ್ಟಿ ಬಹಳಷ್ಟು ಇಳಿಯುತ್ತದೆ, ಜೊತೆಗೆ ಮೊದಲು ಕಾಣದಿದ್ದ ಪುಸ್ತಕಗಳೂ ಕಾಣಿಸಿಕೊಳ್ಳುತ್ತವೆ. ಯಾವ ಫಿಲ್ಟರಿನಿಂದಲೂ ಆಗದ ಕೆಲಸ ಇದು.

ಅದೇ ದಾಖಲೆಯಲ್ಲಿರುವ ಕಾಲ್ ನಂಬರನ್ನೂ, ಅಂದರೆ ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಎಂದು ತಿಳಿಸುವ ಸಂಖ್ಯೆಯನ್ನೂ ಗಮನಿಸಿ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ನೀರಾವರಿಗೆ ಒಂದೇ ಜಾಗವಿಲ್ಲ. ನೀರಿನ ಹಂಚಿಕೆ, ಅರ್ಥಶಾಸ್ತ್ರದ ದೃಷ್ಟಿಯಿಂದ ಬರೆದದ್ದು 333.913ರಲ್ಲಿ, ಏರಿ ತೂಬುಗಳ ಇಂಜಿನಿಯರಿಂಗ್ 627.52ರಲ್ಲಿ, ಬೇಸಾಯದ ದೃಷ್ಟಿಯದ್ದು 631.587ರಲ್ಲಿ, ಕರ್ನಾಟಕದ ಇತಿಹಾಸದ ಭಾಗವಾಗಿ ಬಂದದ್ದು 954.87ರಲ್ಲಿ ಇರುತ್ತದೆ. ಕೆರೆಗಳ ನಿರ್ವಹಣೆಯಲ್ಲಿ ಊರಿನವರ ಪಾತ್ರ ನಿಮ್ಮ ವಿಷಯವಾಗಿದ್ದರೆ 627ರಿಂದ ಆರಂಭವಾಗುವ ಪುಸ್ತಕಗಳನ್ನು ನಿರ್ಯೋಚನೆಯಿಂದ ಪಕ್ಕಕ್ಕಿಡಬಹುದು. ಪಟ್ಟಿಯನ್ನು ಕಾಲ್ ನಂಬರಿನ ಕ್ರಮದಲ್ಲಿ ಜೋಡಿಸುವ ಆಯ್ಕೆ ಬಹುಪಾಲು ಕ್ಯಾಟಲಾಗ್‌ಗಳಲ್ಲಿ ಇರುತ್ತದೆ. ಹಾಗೆ ಜೋಡಿಸಿದರೆ ಈ ಗುಂಪುಗಳು ತಾವಾಗಿಯೇ ಬೇರೆಬೇರೆಯಾಗಿ ನಿಲ್ಲುತ್ತವೆ. ಓದುಗರು ಇದನ್ನು ಏಕೆ ಇಷ್ಟು ಕಡಿಮೆ ಬಳಸುತ್ತಾರೆಂಬುದು ನನಗೆ ಅರ್ಥವಾಗಿಲ್ಲ.

ಇನ್ನು ಫಿಲ್ಟರ್‌ಗಳು. ಗ್ರಂಥಾಲಯದವರು ಇವನ್ನು ಫ್ಯಾಸೆಟ್ ಎನ್ನುತ್ತಾರೆ. ಒಂದು ವಿಷಯವನ್ನು ಅದರ ಬೇರೆಬೇರೆ ಮುಖಗಳಾಗಿ ಬಿಡಿಸಿ ನೋಡುವ ಈ ಕ್ರಮವನ್ನು ಗ್ರಂಥಾಲಯ ಶಾಸ್ತ್ರದಲ್ಲಿ ನೆಲೆಗೊಳಿಸಿದವರು, 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದ ಎಸ್.ಆರ್. ರಂಗನಾಥನ್. ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆಶ್ರಯದಲ್ಲಿ 1962ರಲ್ಲಿ ಅವರು ಆರಂಭಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ಅಲ್ಲಿದೆ.

ಫ್ಯಾಸೆಟ್ ಎಷ್ಟು ಒಳ್ಳೆಯದು ಎಂಬುದು ದಾಖಲೆಯ ಆಯಾ ಕಾಲಂ ಅನ್ನು ಎಷ್ಟು ಚೆನ್ನಾಗಿ ತುಂಬಿದ್ದಾರೆ ಎಂಬುದನ್ನೇ ಅವಲಂಬಿಸಿದೆ. ‘ಭಾಷೆ’ ಎಂಬ ಫಿಲ್ಟರ್ ಪುಸ್ತಕವನ್ನು ಓದಿ ಭಾಷೆಯನ್ನು ಗುರುತಿಸುವುದಿಲ್ಲ. ದಾಖಲೆಯಲ್ಲಿ ಕನ್ನಡಕ್ಕೆಂದು ಇರುವ ಮೂರಕ್ಷರದ ಸಂಕೇತ ಇದೆಯೇ ಎಂದಷ್ಟೇ ನೋಡುತ್ತದೆ. ಹಳೆಯ ಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಆ ಸಂಕೇತವನ್ನು ಖಾಲಿ ಬಿಟ್ಟಿದ್ದರೆ, ಕನ್ನಡ ಪುಸ್ತಕವೇ ಕನ್ನಡದ ಫಿಲ್ಟರಿನಿಂದ ಹೊರಗುಳಿಯುತ್ತದೆ. ಪ್ರಕಟಣೆಯ ವರ್ಷದ ಫಿಲ್ಟರಿನದ್ದು ಬೇರೆ ಬಗೆಯ ಮೋಸ: ಅದು ಕೈಯಲ್ಲಿರುವ ಪ್ರತಿ ಅಚ್ಚಾದ ವರ್ಷವನ್ನು ನೋಡುತ್ತದೆಯೇ ಹೊರತು ಪುಸ್ತಕ ಬರೆದ ವರ್ಷವನ್ನಲ್ಲ. ಲೂಯಿಸ್ ರೈಸ್ ಅವರ ಮೈಸೂರು ಗೆಜೆಟಿಯರಿನ ಪರಿಷ್ಕೃತ ಆವೃತ್ತಿ ಬಂದದ್ದು 1897ರಲ್ಲಿ; ಗ್ರಂಥಾಲಯದಲ್ಲಿರುವುದು ಅದರ ಇತ್ತೀಚಿನ ಮರುಮುದ್ರಣವಾದರೆ, ‘1900ಕ್ಕೆ ಮೊದಲು’ ಎಂದು ಸೋಸಿದವರಿಗೆ ಅದು ಕಾಣುವುದೇ ಇಲ್ಲ. ‘ಈಗ ಲಭ್ಯವಿರುವುದು ಮಾತ್ರ’ ಎಂಬ ಆಯ್ಕೆ ಸಂಜೆಯೊಳಗೆ ಪುಸ್ತಕ ಬೇಕಾದವರಿಗೆ ಸರಿ. ಸಂಶೋಧನೆಗೆ ಅದು ಹೊಂದುವುದಿಲ್ಲ, ಏಕೆಂದರೆ ಬೇರೆಯವರು ಎರವಲು ಒಯ್ದಿರುವ, ನೀವು ಕಾಯ್ದಿರಿಸಬಹುದಾದ ಪುಸ್ತಕವೂ ಆಗ ಕಣ್ಮರೆಯಾಗುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ 2000ದಲ್ಲಿ ಬಳಕೆಗೆ ಬಂದ ಕೋಹಾ ಎಂಬ ಮುಕ್ತ ಗ್ರಂಥಾಲಯ ತಂತ್ರಾಂಶವನ್ನು ಭಾರತದ ಅನೇಕ ವಿಶ್ವವಿದ್ಯಾಲಯಗಳು ಬಳಸುತ್ತಿವೆ. ಅದರ ಕೆಲವು ಅಳವಡಿಕೆಗಳಲ್ಲಿ ಪಕ್ಕದ ಫ್ಯಾಸೆಟ್ ಪಟ್ಟಿ ಎಲ್ಲ ಫಲಿತಾಂಶಗಳನ್ನು ಪರಿಶೀಲಿಸಿ ತಯಾರಾಗುವುದಿಲ್ಲ. ಮೊದಲ ಕೆಲವು ದಾಖಲೆಗಳನ್ನು ಮಾತ್ರ ನೋಡು ಎಂಬ ಮಿತಿಯೊಂದಿದ್ದು, ತಂತ್ರಾಂಶದ ಜೊತೆಗೇ ಬರುವ ಆ ಮಿತಿ 20. ಗ್ರಂಥಾಲಯದವರು ಅದನ್ನು ಬದಲಿಸದಿದ್ದರೆ, ಮೊದಲ ಇಪ್ಪತ್ತರಲ್ಲಿ ಇಲ್ಲದ ಲೇಖಕರ ಹೆಸರಾಗಲಿ ವಿಷಯವಾಗಲಿ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ‘ನನ್ನ ವಿಷಯ ಫಿಲ್ಟರಿನಲ್ಲಿಯೇ ಇಲ್ಲ’ ಎಂದು ಕೈಬಿಡುವ ಮೊದಲು ಇದನ್ನು ನೆನಪಿಡಿ.

ಕನ್ನಡ ಪುಸ್ತಕಗಳಿಗೆ ಪ್ರತ್ಯೇಕ ಎಚ್ಚರ ಬೇಕು. ಒಂದು ಗ್ರಂಥಾಲಯ ಕನ್ನಡ ಲಿಪಿಯಲ್ಲಿಯೇ ದಾಖಲಿಸಿದ್ದರೆ ಇನ್ನೊಂದು ರೋಮನ್ ಲಿಪಿಯಲ್ಲಿ ದಾಖಲಿಸಿರುತ್ತದೆ. ರೋಮನ್ ಲಿಪಿಯಲ್ಲೂ ನಾವು ಮೊಬೈಲಿನಲ್ಲಿ ಬರೆಯುವ ಕ್ರಮ ಬೇರೆ, ಗ್ರಂಥಾಲಯಗಳ ಲಿಪ್ಯಂತರದ ಕ್ರಮ ಬೇರೆ: ‘ಚರಿತ್ರೆ’ ಎಂಬ ಪದದ ಮೊದಲ ಅಕ್ಷರಕ್ಕೆ ನಾವು ಸಿ ಮತ್ತು ಎಚ್ ಎರಡನ್ನೂ ಹಾಕುತ್ತೇವೆ, ಅಲ್ಲಿ ಸಿ ಒಂದೇ ಇರುತ್ತದೆ. ಆದ್ದರಿಂದ ಕನ್ನಡ ಲಿಪಿಯಲ್ಲಿ ಒಮ್ಮೆ, ಎರಡೂ ರೋಮನ್ ಕಾಗುಣಿತಗಳಲ್ಲಿ ಒಮ್ಮೊಮ್ಮೆ ಹುಡುಕಬೇಕು. ‘ಕೆರೆ’, ‘ಕೆರೆಗಳು’, ‘ಕೆರೆಯ’ ಎಂದು ಪದ ರೂಪ ಬದಲಿಸುವುದರಿಂದ, ‘ಕೆರೆ’ ಎಂಬುದರ ಕೊನೆಗೆ ನಕ್ಷತ್ರ ಚಿಹ್ನೆಯನ್ನು (*) ಸೇರಿಸಿದರೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಇದರಿಂದ ಪಟ್ಟಿ ಹಿಗ್ಗುವುದು ನಿಜ. ಅದನ್ನು ಸುಧಾರಿತ ಹುಡುಕಾಟದ ಪುಟದಲ್ಲಿ ಶೀರ್ಷಿಕೆಗೆ ಮಾತ್ರ ಸೀಮಿತಗೊಳಿಸಿದರೆ ಹಿಡಿತಕ್ಕೆ ಬರುತ್ತದೆ.

ಪಟ್ಟಿ ಎರಡು ಮೂರು ಪುಟಗಳಿಗೆ ಇಳಿದ ಮೇಲೆ ಇನ್ನೂ ಸೋಸುತ್ತಾ ಕೂರುವುದಕ್ಕಿಂತ ಕಣ್ಣಾಡಿಸಿ ಆರಿಸಿಕೊಳ್ಳುವುದೇ ವೇಗದ ಕೆಲಸ. ಬೇಕೆನಿಸಿದ್ದನ್ನು ಗುರುತು ಮಾಡಿ ಕಾರ್ಟ್‌ಗೆ ಸೇರಿಸಿ, ಕಾಲ್ ನಂಬರುಗಳ ಸಮೇತ ಮುದ್ರಿಸಿಕೊಳ್ಳಿ. ನಿಯತಕಾಲಿಕೆಗಳ ಬಿಡಿ ಲೇಖನಗಳು ಸಾಮಾನ್ಯವಾಗಿ ಈ ಕ್ಯಾಟಲಾಗ್‌ನಲ್ಲಿ ಇರುವುದಿಲ್ಲ, ಅವುಗಳಿಗೆ ನಿಮ್ಮ ವಿಶ್ವವಿದ್ಯಾಲಯ ಚಂದಾ ಕಟ್ಟಿರುವ ಡೇಟಾಬೇಸ್‌ಗಳನ್ನು ನೋಡಬೇಕು. ಬೇರೆ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ ಇದೆ.