ಲೆವೆಲ್: ಮಟ್ಟ ನೋಡುವುದು, ಮಟ್ಟ ಹಾಕುವುದು

‘ಕಂಪ್ಯೂಟರನ್ನೇ ಸೋಲಿಸಿದ ಬಾಲಕ’ ಎಂಬ ಸುದ್ದಿ ಮಂಗಳೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮತ್ತೊಮ್ಮೆ ಸುತ್ತುತ್ತಿದೆ. ಮಾಲ್‌ನಲ್ಲೊಂದು ಕಂಪೆನಿಯ ಸ್ಟಾಲ್, ಕಂಪ್ಯೂಟರಿನೊಡನೆ ಚೆಸ್ ಆಡಿ ಗೆದ್ದವರಿಗೆ ಟೀ ಶರ್ಟ್. ಫೋಟೊದಲ್ಲಿ ಸ್ಕ್ರೀನಿನ ಮೂಲೆಗೆ ‘ಲೆವೆಲ್ 3’ ಎಂದು ಸ್ಪಷ್ಟವಾಗಿಯೇ ಉಂಟು, ಸುದ್ದಿಯಲ್ಲಿ ಮಾತ್ರ ಇಲ್ಲ. ಕಂಬಳದ ಫಲಿತಾಂಶ ಹೇಳುವಾಗ ನೇಗಿಲು ಕಿರಿಯ ವಿಭಾಗವೋ ಹಗ್ಗ ಹಿರಿಯ ವಿಭಾಗವೋ ಎಂದು ಹೇಳದೆ ಬಿಡುವವರು ನಮ್ಮಲ್ಲಿ ಉಂಟೇ? ಚೆಸ್ಸಿಗೆ ಮಾತ್ರ ಎಂತಕ್ಕೆ ಈ ಔದಾರ್ಯ?

ಲ್ಯಾಟಿನ್ನಿನ ‘ಲಿಬ್ರಾ’ ಎಂದರೆ ತಕ್ಕಡಿ. ಪುಟ್ಟ ತಕ್ಕಡಿ ‘ಲಿಬೆಲ್ಲಾ’. ಕಟ್ಟಡದವರು ಮಟ್ಟ ನೋಡುವ ಸಾಧನಕ್ಕೂ ಅದೇ ಹೆಸರು. ಹಳೆಯ ಫ್ರೆಂಚ್ ಹಾದು ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ಲೆವೆಲ್. ಮೇಸ್ತ್ರಿಯ ಕೈಯಲ್ಲಿ ಅದು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಚೆಸ್ ಪ್ರೋಗ್ರಾಮಿನ ಲೆವೆಲ್ ಏನನ್ನೂ ಅಳೆಯುವುದಿಲ್ಲ, ಬಲವನ್ನು ಇಳಿಸುತ್ತದೆ. ಕನ್ನಡದಲ್ಲಿ ಮಟ್ಟ ನೋಡುವುದೂ ಮಟ್ಟ ಹಾಕುವುದೂ ಬೇರೆ ಬೇರೆ. ಸ್ಟಾಲಿನವರು ಮಾಡಿದ್ದು ಎರಡನೆಯದು.

ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ನಿನಲ್ಲಿ, ಎಂದರೆ ಚೆಸ್ ಆಡುವ ಪ್ರೋಗ್ರಾಮಿನಲ್ಲಿ, ಈ ಸ್ಕಿಲ್ ಲೆವೆಲ್ 0ಯಿಂದ 20ರವರೆಗೆ. 20 ಪೂರ್ಣ ಬಲ. ಕೆಳಗಿಳಿಸಿದರೆ ಎಂಜಿನ್ ನಾಲ್ಕಾರು ನಡೆಗಳನ್ನು ತೂಗಿ, ಆಗಾಗ ಬೇಕೆಂದೇ ಕಡಿಮೆಯದನ್ನು ಆರಿಸುತ್ತದೆ. ಯಾವಾಗ ಎಂಬುದು ಅದೃಷ್ಟದ ಮೇಲೆ. ಹಾಗಾಗಿ ಅದು ಕಲಿಯುವ ಮಗುವಿನ ಹಾಗೆ ಆಡುವುದಿಲ್ಲ. ಹತ್ತು ನಡೆ ಉಸ್ತಾದನ ಆಟ, ಹನ್ನೊಂದನೆಯದಕ್ಕೆ ಕುದುರೆ ದಾನ. ಅದರೆದುರು ಗೆದ್ದವರಿಗೆ ತಾವು ಹೇಗೆ ಗೆದ್ದೆವೆಂದು ಹೆಚ್ಚಾಗಿ ಗೊತ್ತಿರುವುದಿಲ್ಲ.

ಇಳಿಸುವುದೇ ಮೋಸ ಎಂದು ಹಾರಾಡಬೇಕಾಗಿಲ್ಲ. ಬಂದವರೆಲ್ಲ ಇಪ್ಪತ್ತು ನಡೆಯೊಳಗೆ ಸೋತು ಹೋಗುವ ಸ್ಟಾಲಿಗೆ ಯಾರು ಬರುತ್ತಾರೆ? 1997ರಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ನನ್ನು 3.5–2.5ರಿಂದ ಸೋಲಿಸಿದ ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ 30 ನೋಡ್‌ಗಳ, ಎಂದರೆ ಒಟ್ಟಿಗೆ ದುಡಿಯುವ 30 ಕಂಪ್ಯೂಟರುಗಳ, ದೈತ್ಯ. ಊರೂರಿಗೆ ಹೊರುವ ಸಾಮಾನು ಅದಲ್ಲ. ಒಂದೇ ನೋಡ್‌ನ ತಮ್ಮನೊಬ್ಬ ಇದ್ದ, ಪ್ರದರ್ಶನಕ್ಕೂ ಅಭ್ಯಾಸ ಪಂದ್ಯಗಳಿಗೂ ಅವನೇ. ಆದರೆ ಅವನ ಹೆಸರಲ್ಲೇ ‘ಡೀಪ್ ಬ್ಲೂ ಜೂನಿಯರ್’ ಎಂದು ಬರೆದಿತ್ತು. ನಮ್ಮ ಬ್ಯಾನರುಗಳಲ್ಲಿ ಬಿಟ್ಟುಹೋಗುವುದು ಆ ‘ಜೂನಿಯರ್’.

ಕಾಯಿ ಬಿಟ್ಟುಕೊಟ್ಟು ಆಡುವುದನ್ನೂ ಕೆಲವರು ‘ಲೆವೆಲ್ ಕಮ್ಮಿ’ ಎನ್ನುತ್ತಾರೆ. ಅದು ಹ್ಯಾಂಡಿಕ್ಯಾಪ್. ಅಲ್ಲಿ ಎಂಜಿನ್ನಿನ ಬಳಿ ಕುದುರೆ ಇಲ್ಲ ಅಷ್ಟೆ, ಬುದ್ಧಿ ಪೂರ್ತಿ ಉಂಟು.

ಎಲ್ಲಕ್ಕಿಂತ ತಲೆ ಬಿಸಿಯ ಗೊಂದಲ 8ರದ್ದು. ‘ಸ್ಟಾಕ್‌ಫಿಶ್ 8’ ಎಂಬುದು 2016ರಲ್ಲಿ ಬಂದ ಆವೃತ್ತಿ. ಮರುವರ್ಷ ತನ್ನೊಡನೆ ತಾನೇ ಆಡಿ ಚೆಸ್ ಕಲಿತ ಪ್ರೋಗ್ರಾಮ್ ಆಲ್ಫಾಜೀರೊ ಅದರೊಡನೆ 100 ಪಂದ್ಯ ಆಡಿ 28 ಗೆದ್ದು 72 ಡ್ರಾ ಮಾಡಿತು. ‘ಸ್ಟಾಕ್‌ಫಿಶ್ ಲೆವೆಲ್ 8’ ಎಂಬುದು ಲೀಚೆಸ್ ಎಂಬ ಚೆಸ್ ಜಾಲತಾಣದಲ್ಲಿರುವ ಎಂಟು ಮೆಟ್ಟಿಲುಗಳಲ್ಲಿ ಮೇಲಿನದು. ಎರಡನೆಯದನ್ನು ಮೂರು ಸಲ ನಡೆ ಹಿಂದೆಗೆದು ಗೆದ್ದು, ಆಲ್ಫಾಜೀರೊದ ಪಕ್ಕದ ಕುರ್ಚಿಯಲ್ಲಿ ಕೂರುವವರೂ ಇದ್ದಾರೆ ಮಾರಾಯ್ರೆ.