ಮೂಲೆಯಲ್ಲಿ ಸುಮ್ಮನೆ ಕೂತ ಬೆಕ್ಕು

ಕಳೆದ ಮಳೆಗಾಲದ ಒಂದು ಬೆಳಗ್ಗೆ ಪೆರ್ಲದ ಕಡೆಯ ಒಬ್ಬ ಅಕ್ಕ ಬುಟ್ಟಿಯ ಮೇಲೆ ಬೈರಾಸು ಕಟ್ಟಿಕೊಂಡು ಕ್ಲಿನಿಕ್ಕಿಗೆ ಬಂದರು. ಒಳಗಿದ್ದದ್ದು ಮೂರು ವರ್ಷದ ಗಂಡು ಬೆಕ್ಕು. ಹೆಸರು ಕುಟ್ಟ.

"ಎರಡು ದಿನ ಆಯಿತು ಡಾಕ್ಟ್ರೇ. ಬಚ್ಚಲಿಗೆ ಹೋಗಿ ಕೂರ್ತಾನೆ, ತಿಣುಕುತ್ತಾನೆ, ಎಂತದೂ ಬರುವುದಿಲ್ಲ. ಹೊಟ್ಟೆ ಕಟ್ಟಿರಬೇಕು ಅಂತ ಹರಳೆಣ್ಣೆ ಕೊಟ್ಟೆ. ನಿನ್ನೆಯಿಂದ ಮೂಲೆಯಲ್ಲಿ ಸುಮ್ಮನೆ ಕೂತಿದ್ದಾನೆ. ನೋವೇನೂ ಇರಲಿಕ್ಕಿಲ್ಲ, ಕೈ ಇಟ್ಟರೆ ಗುರ್ ಗುರ್ ಮಾಡ್ತಾನೆ."

ಹೊಟ್ಟೆ ಮುಟ್ಟಿ ನೋಡಿದೆ. ಮೂತ್ರಚೀಲ ಮುಸುಂಬಿಯಷ್ಟು ಊದಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕಟ್ಟಿದ್ದು ಮಲ ಅಲ್ಲ, ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತುಂಬಾ ಸಪುರ. ಹರಳು, ಲೋಳೆ ಸೇರಿ ಅಲ್ಲಿ ಸಿಕ್ಕಿಕೊಂಡರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಆಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಎರಡು ಮೂರು ದಿನದಲ್ಲಿ ಪ್ರಾಣವೇ ಹೋಗಬಹುದು. ಅರಿವಳಿಕೆ ಕೊಟ್ಟು, ನಳಿಕೆ ಹಾಕಿ ಮೂತ್ರ ತೆಗೆದೆವು. ರಕ್ತ ಬೆರೆತು ಕಾಫಿಯ ಬಣ್ಣಕ್ಕೆ ತಿರುಗಿತ್ತು. ಕುಟ್ಟ ಉಳಿಯಿತು.

ಆ ಅಕ್ಕ ಎಲ್ಲವನ್ನೂ ಕಣ್ಣಾರೆ ನೋಡಿದ್ದರು. ಕೂತದ್ದು, ತಿಣುಕಿದ್ದು, ಮೂಲೆ ಸೇರಿದ್ದು, ಒಂದನ್ನೂ ಬಿಟ್ಟಿರಲಿಲ್ಲ. ಆದರೆ "ಸುಮ್ಮನಿದ್ದಾನೆ" ಎಂದರೆ ನೋವಿಲ್ಲ ಎಂದು ತಿಳಿದರು. ನನ್ನ ಹತ್ತಿರ ತಡವಾಗಿ ಬರುವ ಬೆಕ್ಕುಗಳಲ್ಲಿ ಹೆಚ್ಚಿನವು ತಡವಾಗುವುದು ಇದೇ ಕಾರಣಕ್ಕೆ. ದನಕ್ಕೆ ಹುಷಾರಿಲ್ಲದಿದ್ದರೆ ಹಟ್ಟಿಯಲ್ಲಿ ಕೂಗುತ್ತದೆ, ನಾಯಿಯಾದರೆ ಕುಂಯ್ಗುಡುತ್ತಾ ಕಾಲಿಗೆ ಬಂದು ಬೀಳುತ್ತದೆ. ಬೆಕ್ಕು ಹಾಗಲ್ಲ. ಪುಚ್ಚೆ ಎನ್ನಿ, ಪೂಚ್ಚ ಎನ್ನಿ, ನಮ್ಮ ಕಾಸರಗೋಡಿನ ಯಾವ ಭಾಷೆಯಲ್ಲಿ ಕರೆದರೂ ಅದು ನೋವನ್ನು ಬಾಯಿಬಿಟ್ಟು ಹೇಳುವ ಪ್ರಾಣಿಯಲ್ಲ.

ಅದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಬೆಕ್ಕು ಒಂಟಿಯಾಗಿ ಬೇಟೆಯಾಡುವ ಸಣ್ಣ ಪ್ರಾಣಿ. ಇಲಿಗೆ ಅದು ಯಮ, ಆದರೆ ನಾಯಿಗೆ, ನರಿಗೆ, ಹೆಬ್ಬಾವಿಗೆ ಅದೇ ಆಹಾರ. ತನಗೆ ಆಗುತ್ತಿಲ್ಲ ಎಂದು ತೋರಿಸಿಕೊಂಡರೆ ಕಾಡಿನಲ್ಲಿ ಉಳಿಗಾಲವಿಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿ ಸಿಕ್ಕಿದೆ. ಅಷ್ಟು ಕಾಲದಿಂದ ನಮ್ಮ ಜೊತೆಗಿದ್ದರೂ ಈ ಗುಣ ಅದನ್ನು ಬಿಟ್ಟಿಲ್ಲ.

ಗುರ್ ಗುರ್ ಶಬ್ದದ ವಿಷಯವನ್ನೂ ಹೇಳಿಬಿಡುತ್ತೇನೆ. ಮಡಿಲಲ್ಲಿ ಸುಖವಾಗಿ ಮಲಗಿದಾಗ ಬೆಕ್ಕು ಹೀಗೆ ಮಾಡುವುದು ನಿಜ. ಹೆರುವಾಗಲೂ ಮಾಡುತ್ತದೆ. ಎಲುಬು ಮುರಿದಾಗ, ಕೆಲವೊಮ್ಮೆ ಕೊನೆಯುಸಿರಿನ ಹೊತ್ತಿನಲ್ಲೂ ಮಾಡುತ್ತದೆ. ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ.

ಹಾಗಾದರೆ ನೋಡಬೇಕಾದ್ದು ಏನನ್ನು? ಮುಖವನ್ನು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಂಡವೊಂದು 2019ರಲ್ಲಿ ಬೆಕ್ಕಿನ ಮುಖದಲ್ಲೇ ನೋವನ್ನು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿತು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಹೀಗೆ ಐದನ್ನು ನೋಡಿ ಒಂದೊಂದಕ್ಕೂ 0, 1 ಅಥವಾ 2 ಅಂಕ ಕೊಡುವುದು. ನಾನು ಈಗ ದಿನಾ ಇದನ್ನೇ ಬಳಸುತ್ತೇನೆ. ಮನೆಯಲ್ಲಿ ಅಂಕ ಹಾಕುವ ಅಗತ್ಯ ಇಲ್ಲ, ನೋಡಲು ಕಲಿತರೆ ಸಾಕು. ಆರಾಮಾಗಿರುವ ಬೆಕ್ಕಿನ ಕಿವಿ ನೆಟ್ಟಗೆ ಮುಂದಕ್ಕೆ ತಿರುಗಿರುತ್ತದೆ. ನೋವಿದ್ದರೆ ಎರಡು ಕಿವಿಗಳ ನಡುವಿನ ಜಾಗ ಅಗಲವಾಗುತ್ತಾ, ಅವು ಹೊರಕ್ಕೆ ತಿರುಗಿ ಚಪ್ಪಟೆಯಾಗುತ್ತವೆ. ಕಣ್ಣು ಕಿರಿದಾಗುತ್ತದೆ. ಉರುಟಾಗಿರುವ ಮೂತಿ ಬಿಗಿದುಕೊಂಡು ಉದ್ದುದ್ದ ಕಾಣುತ್ತದೆ. ಇಳಿಬಿಟ್ಟು ಬಾಗಿರುವ ಮೀಸೆ ನೆಟ್ಟಗಾಗಿ ಮುಂದಕ್ಕೆ ಚಾಚುತ್ತದೆ. ತಲೆ ಹೆಗಲಿಗಿಂತ ಕೆಳಗೆ ಇಳಿಯುತ್ತದೆ.

ಅವತ್ತು ಬೈರಾಸು ಬಿಚ್ಚಿದಾಗ ಕುಟ್ಟನ ಮುಖದಲ್ಲಿ ಈ ಐದೂ ಇದ್ದವು. ಗುರ್ ಗುರ್ ಮಾತ್ರ ನಿಂತಿರಲಿಲ್ಲ.

ನಿದ್ದೆ ತೂಗುವ ಬೆಕ್ಕಿಗೂ ಕಣ್ಣು ಅರ್ಧ ಮುಚ್ಚಿರುತ್ತದಲ್ವಾ ಎಂದು ಕೇಳುವವರಿದ್ದಾರೆ. ಸರಿಯೇ. ಆದರೆ ಆಗ ಮೂತಿ, ಮೀಸೆ ಸಡಿಲವಾಗಿರುತ್ತವೆ, ಮೈ ಒರಗಿರುತ್ತದೆ. ನೋವಿನ ಬೆಕ್ಕು ಮಲಗುವುದಿಲ್ಲ, ನಾಲ್ಕು ಕಾಲನ್ನೂ ಒಳಗೆ ಎಳೆದುಕೊಂಡು ಬೆನ್ನು ಗೂನು ಮಾಡಿ ಕೂರುತ್ತದೆ. ನಿಮ್ಮ ಬೆಕ್ಕು ಚೆನ್ನಾಗಿರುವಾಗ ಅದರ ಮುಖದ ನಾಲ್ಕು ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಸಂಶಯ ಬಂದ ದಿನ ಪಕ್ಕದಲ್ಲಿಟ್ಟು ನೋಡಬಹುದು.

ಹತ್ತು ವರ್ಷದ ಬೆಕ್ಕು ಈಗ ಅಟ್ಟ ಹತ್ತುವುದಿಲ್ಲ, ಪ್ರಾಯ ಆಯಿತು ಎನ್ನುತ್ತಾರೆ. ಎಷ್ಟೋ ಸಲ ಅದು ಪ್ರಾಯ ಅಲ್ಲ, ಗಂಟು ನೋವು. ಅದಕ್ಕೆ ಮದ್ದು ಉಂಟು. ಆದರೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಅರ್ಧ ಗುಳಿಗೆಯೂ ಬೇಡ. ಅದನ್ನು ಸಂಭಾಳಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಒಂದೇ ಗುಳಿಗೆಗೆ ಬೆಕ್ಕು ಸಾಯಬಹುದು.

ಇನ್ನು ಕಚ್ಚುವ ಬೆಕ್ಕಿನ ವಿಷಯ. ಕುಂಬಳೆಯ ಒಂದು ಮನೆಯವರು ಎಂಟು ವರ್ಷದ ಮಗನ ಕೈಗೆ ಬೆಕ್ಕು ಕಚ್ಚಿತು ಎಂದು ಬಂದಿದ್ದರು. ಅಜ್ಜನಿಗೆ ವಿಪರೀತ ಕೋಪ. "ಸಾಕಿದ ಕೈಗೇ ಕಚ್ಚಿತಲ್ಲ. ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟ್ಟಿನಲ್ಲಿ ಬಿಟ್ಟು ಬರ್ತೇನೆ" ಎಂದರು. ನಾನು ಮೊದಲು ಕೇಳಿದ್ದು ಗಾಯ ತೊಳೆದಿರಾ, ಇಂಜೆಕ್ಷನ್ ಆಯಿತಾ ಎಂದು. ಬೆಕ್ಕು ಕಚ್ಚಿದರೂ ಪರಚಿದರೂ ರೇಬೀಸ್ ಬರಬಹುದು. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಾಕಿದ ಬೆಕ್ಕು ಎಂದು ಸುಮ್ಮನಿರಬಾರದು.

ಅದೆಲ್ಲ ಆಗಿತ್ತು. ಹುಡುಗನ ಅಮ್ಮನ ಮೊಬೈಲಿನಲ್ಲಿ ಆ ಹೊತ್ತಿನ ವಿಡಿಯೋ ಇತ್ತು. ಎಲ್ಲರೂ ಸೇರಿ ನೋಡಿದೆವು. ಬೆಕ್ಕು ಅಂಗಾತ ಹೊರಳಿತು. ಹುಡುಗ ಹೊಟ್ಟೆ ಉಜ್ಜತೊಡಗಿದ. ಸ್ವಲ್ಪ ಹೊತ್ತಿಗೆ ಬಾಲದ ತುದಿ ನೆಲಕ್ಕೆ ಪಟ್ ಪಟ್ ಎಂದು ಬಡಿಯಿತು. ಪಕ್ಕೆಯ ಚರ್ಮ ಒಮ್ಮೆ ಅದುರಿತು. ಕಿವಿಗಳು ಅಡ್ಡಕ್ಕೆ ತಿರುಗಿದವು. ತಲೆ ತಿರುಗಿಸಿ ಕೈಯನ್ನೇ ನೋಡಿತು. ಹುಡುಗ ನಗುತ್ತಾ ಇನ್ನೂ ಉಜ್ಜಿದ. ಆಮೇಲೆ ಕಚ್ಚಿತು. ಸಾಕು ಎಂದು ನಾಲ್ಕು ಸಲ ಹೇಳಿ ಐದನೆಯದಕ್ಕೆ ಹಲ್ಲು ಬಳಸಿತು. ಬೆಕ್ಕು ಹೊಟ್ಟೆ ತೋರಿಸುವುದು ನಿಮ್ಮ ಮೇಲೆ ನಂಬಿಕೆ ಇದೆ ಎಂದು ಹೇಳಲಿಕ್ಕೆ, ಉಜ್ಜಲಿ ಎಂದು ಅಲ್ಲ. ಕೆನ್ನೆ, ಗಲ್ಲ, ಕಿವಿಯ ಬುಡ ತುರಿಸಿದರೆ ಹೆಚ್ಚಿನ ಬೆಕ್ಕುಗಳಿಗೆ ಇಷ್ಟ. ಬಾಲದ ಲೆಕ್ಕವೂ ನಾಯಿಯದ್ದಲ್ಲ. ಬಾಲ ನೆಟ್ಟಗೆ ಎತ್ತಿ ಬಂದರೆ ಸ್ನೇಹ, ರಪರಪ ಬೀಸಿದರೆ ಸಿಟ್ಟು. ಅಜ್ಜ ವಿಡಿಯೋವನ್ನು ಮೂರು ಸಲ ಹಾಕಿಸಿ ನೋಡಿದರು. ಬೆಕ್ಕು ಈಗಲೂ ಆ ಮನೆಯಲ್ಲೇ ಇದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ನಮಗೆಲ್ಲ ಗೊತ್ತು. ಕಣ್ಣು ಮುಚ್ಚಿದ ಬೆಕ್ಕು ಎಂದರೆ ಕಳ್ಳ ಬೆಕ್ಕು ಎಂದೇ ನಮ್ಮ ಲೆಕ್ಕ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ಮನೆಯವರು ನಿಧಾನಕ್ಕೆ ಕಣ್ಣು ಕಿರಿದು ಮಾಡಿ ಮುಚ್ಚಿ ತೆರೆದಾಗ ಬೆಕ್ಕುಗಳೂ ಹಾಗೆ ಮಾಡುವುದು ಜಾಸ್ತಿಯಾಯಿತು. ಗುರುತಿಲ್ಲದವರು ಮಾಡಿದಾಗಲೂ ಅವರು ಚಾಚಿದ ಕೈಯ ಹತ್ತಿರ ಹೆಚ್ಚಾಗಿ ಬಂದವು. ನಾನು ಮೇಜಿನ ಮೇಲಿನ ಪ್ರತಿ ಬೆಕ್ಕಿಗೂ ಮೊದಲು ಇದನ್ನು ಮಾಡುತ್ತೇನೆ, ಸೂಜಿ ಆಮೇಲೆ. ದಿಟ್ಟಿಸಿ ನೋಡುವುದು ಬೆಕ್ಕಿನ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ.

ದಯವಿಟ್ಟು ಗೋಣಿಯಲ್ಲಿ ಹಾಕಿ ತರಬೇಡಿ. ಬುಟ್ಟಿಯನ್ನು ನಾಲ್ಕು ದಿನ ಮೊದಲೇ ಜಗಲಿಯಲ್ಲಿ ತೆರೆದಿಡಿ, ಒಳಗೆ ನಿಮ್ಮ ಹಳೆಯ ಬಟ್ಟೆ ಹಾಸಿ. ಅದೇ ಹೋಗಿ ಮಲಗುತ್ತದೆ. ಹೆದರಿ ಬಂದ ಬೆಕ್ಕಿನ ಮುಖದಲ್ಲಿ ನೋವು ಯಾವುದು, ಭಯ ಯಾವುದು ಎಂದು ಬೇರೆ ಮಾಡುವುದು ನಮಗೂ ಕಷ್ಟ.

ಪೆರ್ಲದ ಅಕ್ಕನಿಗೆ ಅವತ್ತು ಒಂದು ಕೆಲಸ ಹೇಳಿ ಕಳಿಸಿದ್ದೆ. ಮಳೆಯಲ್ಲಿ ಕುಟ್ಟ ಅಂಗಳಕ್ಕೆ ಇಳಿಯದೆ ಮೂತ್ರ ಹಿಡಿದಿಟ್ಟುಕೊಳ್ಳುತ್ತಿತ್ತು. ಅದಕ್ಕೆ ಜಗಲಿಯ ಕೊನೆಯಲ್ಲಿ ಒಂದು ಟಬ್ಬಿನಲ್ಲಿ ಹೊಯಿಗೆ (ಮರಳು) ಹಾಕಿಡಿ, ದಿನಕ್ಕೆ ಎಷ್ಟು ಸಲ ಒದ್ದೆಯಾಗುತ್ತದೆ ನೋಡಿ ಎಂದಿದ್ದೆ. ಈ ತೊಂದರೆ ಮತ್ತೆ ಬರುವುದು ಉಂಟು. ದೀಪಾವಳಿ ಕಳೆದ ಮೇಲೆ ಒಂದು ದಿನ ಬೆಳಗ್ಗೆ ಏಳು ಗಂಟೆಗೆ ಅವರ ಫೋನು ಬಂತು. "ರಾತ್ರಿಯಿಂದ ಹೊಯಿಗೆ ಒದ್ದೆ ಆಗಲಿಲ್ಲ ಡಾಕ್ಟ್ರೇ. ಮುಖವೂ ಸರಿ ಇಲ್ಲ, ಮೀಸೆ ಮುಂದೆ ಬಂದಿದೆ. ಗುರ್ ಗುರ್ ಮಾಡ್ತಾ ಇದ್ದಾನೆ, ಆದರೂ ಹೊರಟೆ." ಒಂಬತ್ತಕ್ಕೆ ಮೊದಲು ಬಂದು ಮುಟ್ಟಿದರು. ಮೂತ್ರಚೀಲ ಈ ಸಲ ನಿಂಬೆಹಣ್ಣಿನಷ್ಟಿತ್ತು. ನಳಿಕೆಯಲ್ಲಿ ಬಂದ ಮೂತ್ರದಲ್ಲಿ ರಕ್ತ ಇರಲಿಲ್ಲ.