ಹೋದ ವರ್ಷದ ತೆನೆ ಈ ವರ್ಷ ಯಾಕೆ ಬರಲ್ಲ? ಬೀಜದೊಳಗಿನ ಬರಹದ ಕಥೆ

ಮುಂಗಾರು ಹತ್ತಿರ ಬಂದಾಗ ದಾವಣಗೆರೆಯ ಬೀಜದ ಅಂಗಡಿಗಳ ಮುಂದೆ ಪ್ರತಿ ವರ್ಷ ಅದೇ ಮಾತು. ‘ಮೆಕ್ಕೆಜೋಳ ಅಷ್ಟು ಚೆನ್ನಾಗಿ ಬಂದಿತ್ತು, ಅದನ್ನೇ ಮತ್ತೆ ಬಿತ್ತಿದರೆ ಯಾಕೆ ಬರಲ್ಲ?’ ಬೀಜಕ್ಕೆ ಏನೋ ಔಷಧಿ ಸೇರಿಸಿರುತ್ತಾರೆ ಅಂತ ಒಬ್ಬರು. ಅದು ಬಿಟಿ, ಅದಕ್ಕೇ ಹಾಗೆ ಅಂತ ಇನ್ನೊಬ್ಬರು. ಹೈಬ್ರಿಡ್, ಬಿಟಿ, ಕುಲಾಂತರಿ, ಡಿಎನ್‌ಎ ಎಲ್ಲವೂ ಕಲಸಿಹೋಗಿವೆ. ಬಿಡಿಸಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೆಂಡೆಲ್ ಅನ್ನೋ ಪಾದ್ರಿ ವರ್ಷಗಟ್ಟಲೆ ಬಟಾಣಿ ಬೆಳೆದು 1866ರಲ್ಲಿ ಒಂದು ಮಾತು ಬರೆದಿಟ್ಟರು: ಅಪ್ಪ–ಅಮ್ಮನ ಗುಣಗಳು ಹಾಲು ನೀರಿನ ಹಾಗೆ ಬೆರೆತುಹೋಗುವುದಿಲ್ಲ, ಬಿಡಿಬಿಡಿಯಾಗಿ ದಾಟುತ್ತವೆ. 1900ರವರೆಗೆ ಅದನ್ನು ಹೆಚ್ಚು ಜನ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗುಣ ಹೊತ್ತು ತರುವುದು ಜೀವಕೋಶದೊಳಗಿನ ಡಿಎನ್‌ಎ ಅನ್ನೋ ವಸ್ತು ಅಂತ ವಿಜ್ಞಾನಿ ಏವರಿ ಅವರ ತಂಡ ತೋರಿಸಿದ್ದು 1944ರಲ್ಲಿ. ರೋಸಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಚಿತ್ರದ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ ಅದರ ಆಕಾರ ಹೇಳಿದ್ದು 1953ರಲ್ಲಿ. ತಿರುಚಿದ ಹಗ್ಗದ ಏಣಿ ಅಂದುಕೊಳ್ಳಿ. ಅದರ ಬರಹಕ್ಕೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಹಾಗಾಗಿ ಒಂದು ಎಳೆ ಇದ್ದರೆ ಇನ್ನೊಂದನ್ನು ಕಟ್ಟಿಕೊಳ್ಳಬಹುದು. ಮೂರು ಮೂರು ಅಕ್ಷರ ಓದಿಕೊಂಡು ಜೀವಕೋಶ ಪ್ರೋಟೀನ್ ಕಟ್ಟುತ್ತದೆ. ಒಂದು ಪ್ರೋಟೀನ್ ಕಟ್ಟಲು ಬೇಕಾದ ಬರಹವನ್ನು ಒಂದು ಪಾಠ ಅನ್ನೋಣ, ಅದೇ ಜೀನ್. ಮೆಕ್ಕೆಜೋಳದ ಒಂದೊಂದು ಜೀವಕೋಶದಲ್ಲಿ ಇಂಥ ಅಕ್ಷರಗಳು 200 ಕೋಟಿಗೂ ಜಾಸ್ತಿ. ಮುಖ್ಯವಾದ ವಿಷಯ ಅಂದ್ರೆ, ಒಂದೊಂದು ಪಾಠಕ್ಕೂ ಎರಡು ಪ್ರತಿ ಇರುತ್ತವೆ. ಒಂದು ತಾಯಿಯದು, ಒಂದು ತಂದೆಯದು.

ಎರಡು ಬೇರೆ ತಳಿ ಕೂಡಿಸಿ ಪಡೆದ ಬೀಜವೇ ಹೈಬ್ರಿಡ್, ಅದು ನಿಂತಿರುವುದು ಈ ಜೋಡಿಯ ಮೇಲೆ. ಹಾಗೆ ಕೂಡಿಸಿದರೆ ಕಸುವು ಹೆಚ್ಚುತ್ತದೆ ಅಂತ ಅಮೆರಿಕದ ವಿಜ್ಞಾನಿ ಶಲ್ 1908ರಲ್ಲಿ ಮೆಕ್ಕೆಜೋಳದಲ್ಲಿ ತೋರಿಸಿದರು. ನಮ್ಮ ಕಡೆ ಹೈಬ್ರಿಡ್ ಅನ್ನೋ ಮಾತು ಮನೆಮಾತಾಗಿದ್ದು ಹತ್ತಿಯಿಂದ. ಧಾರವಾಡದ ವರಲಕ್ಷ್ಮಿ ತಳಿ ಬಂದಿದ್ದು 1972ರಲ್ಲಿ. ಆಮೇಲೆ ದಾವಣಗೆರೆಯ ಹತ್ತಿ ಗಿರಣಿಗಳೂ ಮುಚ್ಚಿದವು, ಹತ್ತಿ ಹೊಲಗಳೂ ಮೆಕ್ಕೆಜೋಳವಾದವು.

ಜಗಳೂರು ಕಡೆಯ ನಮ್ಮ ಹೊಲದಲ್ಲೂ ಅದೇ. ಒಂದು ವರ್ಷ ಅಪ್ಪ ಹೈಬ್ರಿಡ್ ತೆನೆಗಳಲ್ಲಿ ಒಳ್ಳೆಯವನ್ನು ಆರಿಸಿ ಜಂತಿಗೆ ಕಟ್ಟಿಟ್ಟರು. ಮುಂದಿನ ಮುಂಗಾರಿಗೆ ಅವನ್ನೇ ಬಿತ್ತಿದರು. ಒಂದು ಗಿಡ ಎದೆಮಟ್ಟ, ಪಕ್ಕದ್ದು ತಲೆಗಿಂತ ಒಂದು ಮೊಳ ಮೇಲೆ. ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂವು, ಬಂದಿದ್ದು ಒಂದೊಂದರಲ್ಲಿ ಒಂದೊಂದು ದಿನ. ಸಿಪ್ಪೆ ಸುಲಿದರೆ ಗೇಣುದ್ದದ ತೆನೆಯ ಪಕ್ಕದಲ್ಲೇ ಬೆರಳುದ್ದದ್ದು. ‘ಬೀಜ ಕೆಟ್ಟಿತ್ತು’ ಅಂತ ಅಪ್ಪ ಸುಮ್ಮನಾದರು.

ಬೀಜ ಕೆಟ್ಟಿರಲಿಲ್ಲ. ಹೈಬ್ರಿಡ್ ಮಾಡುವಾಗ ಮೊದಲು ಎರಡು ತಳಿಗಳನ್ನು ಆರೇಳು ತಲೆಮಾರು ತಮ್ಮದೇ ಪರಾಗದಿಂದ ಬೆಳೆಸುತ್ತಾರೆ. ಎರಡೂ ಬಡಕಲಾಗುತ್ತವೆ, ಆದರೆ ಒಂದೇ ಅಚ್ಚಿಗೆ ಬರುತ್ತವೆ. ಅವನ್ನು ಕೂಡಿಸಿದರೆ ಹುಟ್ಟುವ ಪ್ರತಿ ಗಿಡದಲ್ಲೂ ಎರಡೂ ಕಡೆಯ ಒಂದೊಂದು ಪ್ರತಿ. ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಅದಕ್ಕೇ ಆ ಕಸುವು. ನಮ್ಮ ಹೊಲದಲ್ಲಿ ಆ ಗಿಡಗಳೇ ಒಂದಕ್ಕೊಂದು ಕೂಡುವಾಗ ಜೋಡಿ ಒಡೆಯುತ್ತದೆ. ತೆನೆಯ ತುದಿಯ ರೇಷ್ಮೆ ಎಳೆ ನೋಡಿ: ಕಾಳಿಗೊಂದು ಎಳೆ, ಎಳೆಗೊಂದು ಬೇರೆ ಪರಾಗ. ಯಾವ ಕಾಳಿಗೆ ಯಾವ ಪ್ರತಿ ಅನ್ನೋದು ಚೌಕಾಬಾರದ ಕವಡೆ ಬಿದ್ದ ಹಾಗೆ. ಬೇರೆ ಬೇರೆ ಇದ್ದ ಜೋಡಿಗಳಲ್ಲಿ ಸುಮಾರು ಅರ್ಧ ಮರುವರ್ಷ ಒಂದೇ ಥರ ಆಗಿಬಿಡುತ್ತವೆ. ಮುಚ್ಚಿದ್ದ ಕೊರತೆ ಮೇಲೆ ಬರುತ್ತದೆ.

ಬಿಟಿ ಬೇರೆ ವಿಷಯ. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಹುಳ ಕೊಲ್ಲುವ ಪ್ರೋಟೀನಿನ ಪಾಠ ತೆಗೆದು ಗಿಡದ ಬರಹಕ್ಕೆ ಸೇರಿಸುವುದು ಅದು. ಹೀಗೆ ಹೊರಗಿನ ಪಾಠ ಸೇರಿಸಿದ ಬೆಳೆಯನ್ನೇ ಕುಲಾಂತರಿ ಅನ್ನೋದು. ನಮ್ಮ ದೇಶದಲ್ಲಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಿತು, ಬದನೆಗೆ 2010ರಲ್ಲಿ ತಡೆ ಬಿತ್ತು. ಮೆಕ್ಕೆಜೋಳದಲ್ಲಿ ಬಿಟಿ ಬೆಳೆಯಲು ಒಪ್ಪಿಗೆಯೇ ಇಲ್ಲ. ಆದರೆ ಬಿಟಿ ಹತ್ತಿ ನಮ್ಮಲ್ಲಿ ಹೆಚ್ಚಾಗಿ ಹೈಬ್ರಿಡ್ ರೂಪದಲ್ಲೇ ಬಂತು. ಬೀಜ ಉಳಿಯದಿರುವುದು ಬಿಟಿಯಿಂದ ಅನ್ನೋ ನಂಬಿಕೆ ಬೆಳೆದಿದ್ದು ಇಲ್ಲೇ ಇರಬೇಕು, ಅಲ್ವಾ?

ಪ್ಯಾಕೆಟ್ ಮೇಲೆ ಮೊಳಕೆ ಪ್ರಮಾಣ ಇರುತ್ತದೆ, ತೂಕ ಇರುತ್ತದೆ. ಈ ಕಾಳಿನ ಮಕ್ಕಳು ಇದರಂತೆ ಇರುವುದಿಲ್ಲ ಅನ್ನೋ ಒಂದು ಸಾಲನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರೆ ಅಪ್ಪನ ಒಂದು ವರ್ಷ ಉಳಿಯುತ್ತಿತ್ತು.

ಚಳ್ಳಕೆರೆ ಕಡೆಯ ಶೇಂಗಾಕ್ಕೆ ಈ ಕಷ್ಟ ಇಲ್ಲ. ಅದರ ಹೂವು ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ, ಜೋಡಿಯ ಎರಡೂ ಪ್ರತಿ ಒಂದೇ. ಮನೆ ಬೀಜ ಬಿತ್ತಬಹುದು. ಮೆಕ್ಕೆಜೋಳದಲ್ಲೂ ಹೈಬ್ರಿಡ್ ಅಲ್ಲದ, ಹಲವು ತಳಿ ಬೆರೆಸಿ ಮಾಡಿದ ಕಾಂಪೋಸಿಟ್ ತಳಿಗಳಿವೆ. ಇಳುವರಿ ಕಡಿಮೆ, ಆದರೆ ಬೀಜ ಇಟ್ಟುಕೊಳ್ಳಬಹುದು. ಪಕ್ಕದ ಹೈಬ್ರಿಡ್ ಹೊಲದಿಂದ ಸುಮಾರು 200 ಮೀಟರ್ ದೂರ ಇರಬೇಕು, ಇಲ್ಲದಿದ್ದರೆ ಪರಾಗ ಗಾಳಿಯಲ್ಲೇ ಬರುತ್ತದೆ. ಸುತ್ತ ಎಲ್ಲಿ ನೋಡಿದರೂ ಹೈಬ್ರಿಡ್ ಇರುವ ನಮ್ಮೂರಲ್ಲಿ ಅಷ್ಟು ಜಾಗ ಸಿಗುವುದೇ ಕಷ್ಟ.